ಅಕ್ಕನ ಮದ್ದಿಗೆ ನಾನಿಟ್ಟ ಐಸ್

ಇನ್ಸುಲಿನ್ ಪೆಟ್ಟಿಗೆಯನ್ನು ನನ್ನ ಕೈಗೆ ಕೊಡುವಾಗ ಉಡುಪಿಯ ನಮ್ಮ ಔಷಧದ ಸಗಟು ಅಂಗಡಿಯ ಧಣಿಗಳು ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದರು: "ಇದಕ್ಕೆ ಬಿಸಿಯೂ ಆಗಬಾರದು, ಐಸೂ ತಾಗಬಾರದು." ಮೊದಲರ್ಧವನ್ನು ನಾನು ಕೇಳಿಸಿಕೊಂಡೆ. ಉಳಿದರ್ಧ ನನ್ನಂಥವನಿಗೆ ಹೇಳಬೇಕಾದದ್ದಲ್ಲ ಎಂದುಕೊಂಡೆ.

ಏಕೆಂದರೆ ನಾನು ಮಲ್ಪೆ ಬಂದರಿನಲ್ಲಿ ಮೀನಿಗೆ ಐಸ್ ಹಾಕುತ್ತಾ ಮುದುಕನಾದವನು. ಮಂಡಿ ನೋವು ಬಂದು ಬಂದರಿನ ಕೆಲಸ ಬಿಟ್ಟ ಮೇಲೆ, ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ, ಸ್ಕೂಟರ್ ಬಿಡುತ್ತೇನೆ ಎಂಬ ಎರಡು ಯೋಗ್ಯತೆಗಳ ಮೇಲೆ ಈ ಕೆಲಸ ಸಿಕ್ಕಿತ್ತು. ಒಂದು ದಿನ ಕಟಪಾಡಿ, ಕಾಪು ಕಡೆ. ಮರುದಿನ ಪೆರ್ಡೂರು, ಕಾರ್ಕಳ ಕಡೆ. ಹಿಂದಿನ ಸೀಟಿನಲ್ಲಿ ಥರ್ಮೋಕೋಲ್ ಪೆಟ್ಟಿಗೆ. ಒಳಗೆ ಫ್ರೀಜರಿನಿಂದ ತೆಗೆದ ಜೆಲ್ ಪ್ಯಾಕುಗಳು, ಅವುಗಳ ಮೇಲೊಂದು ರಟ್ಟು, ರಟ್ಟಿನ ಮೇಲೆ ಇನ್ಸುಲಿನ್ ಬಾಟ್ಲಿಗಳು, ನಡುವೆ ಉಷ್ಣತೆ ತೋರಿಸುವ ಸಣ್ಣ ಮೀಟರು. ಎರಡರಿಂದ ಎಂಟು ಡಿಗ್ರಿಯ ಒಳಗೆ ಇರಬೇಕು. ಅಷ್ಟೇ ನಿಯಮ.

ಆ ಮೇ ತಿಂಗಳಿನಲ್ಲಿ ಕರೆಂಟು ಪದೇ ಪದೇ ಹೋಗುತ್ತಿತ್ತು. ಜೆಲ್ ಪ್ಯಾಕುಗಳು ಸರಿಯಾಗಿ ಗಟ್ಟಿಯಾಗುತ್ತಿರಲಿಲ್ಲ. ಕಟಪಾಡಿಯಲ್ಲಿ ಎರಡು ಅಂಗಡಿ ಮುಗಿಸಿ ಹೆದ್ದಾರಿಯ ಬಿಸಿಲಿನಲ್ಲಿ ಕಾಪುವಿಗೆ ಬರುವಷ್ಟರಲ್ಲಿ ಮೀಟರು ಮೇಲೇರಿರುತ್ತಿತ್ತು. ಕಾಪುವಿನ ಮೆಡಿಕಲ್ ಶಾಪ್ ನಡೆಸುವ ಫಾರ್ಮಸಿಸ್ಟ್ ಹೆಂಗಸು ಒಂದು ದಿನ ಮುಚ್ಚಳ ತೆಗೆದು ನೋಡಿ, ಗಿರಾಕಿಗಳ ಎದುರಿಗೇ ಕೇಳಿದರು:

"ಎಂತ ಮಾರಾಯ್ರೆ, ಇದು ಮದ್ದಾ, ಗಂಜಿಯಾ?"

"ದಾರಿಯಲ್ಲಿ ಸ್ವಲ್ಪ ಬಿಸಿಲು ಮೇಡಂ."

"ನನಗೆ ಬೇಡ. ವಾಪಸು ಕೊಂಡುಹೋಗಿ. ಐಸಿನಲ್ಲೇ ಹುಟ್ಟಿದವ ಅಂತ ಹೇಳ್ತಿದ್ರಿ ಅಲ್ವಾ ನೀವು?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ನನಗೆ ನಾಟಿತು. ಮೀನು ಒಂದಿಷ್ಟೂ ಕೆಡದಂತೆ ಲಾರಿ ತುಂಬಿ ದೂರದೂರಿಗೆ ಕಳುಹಿಸಿದವನು ನಾನು. ಒಂದು ಪೆಟ್ಟಿಗೆ ಮದ್ದನ್ನು ಕಾಪುವಿನ ತನಕ ತಣ್ಣಗೆ ತರಲು ನನ್ನಿಂದ ಆಗಲಿಲ್ಲವೇ?

ಮುಂದಿನ ಸರದಿಯ ಬೆಳಿಗ್ಗೆ ಸ್ಕೂಟರನ್ನು ಮಲ್ಪೆಗೆ ತಿರುಗಿಸಿದೆ. ಅಲ್ಲಿ ಐಸ್ ಪ್ಲಾಂಟಿನಲ್ಲಿ ನನ್ನ ಹಳೆಯ ಜೊತೆಗಾರನಿದ್ದ. ಪುಡಿ ಮಾಡಿದ ಐಸನ್ನು ಪ್ಲಾಸ್ಟಿಕ್ ಕವರುಗಳಿಗೆ ತುಂಬಿಸಿಕೊಂಡೆ. ಒಂದೊಂದಕ್ಕೂ ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಯಿ ಕಟ್ಟಿದೆ. ದೂರ ಹೋಗುವ ಮೀನಿಗೆ ನಾವು ಮಾಡುತ್ತಿದ್ದದ್ದೇ ಅದು. ಉಪ್ಪು ಬಿದ್ದರೆ ಐಸ್ ಬೇಗ ಕರಗುತ್ತದೆ, ಆದರೆ ಕರಗುವಾಗ ಬರೀ ಐಸಿಗಿಂತ ಬಹಳ ತಣ್ಣಗಾಗುತ್ತದೆ. ಕೈ ಹಾಕಿದರೆ ಬೆರಳು ಸುಟ್ಟ ಹಾಗೆ ಆಗುತ್ತದೆ. ರಟ್ಟು ಒದ್ದೆಯಾಗುತ್ತದೆಂದು ಅದನ್ನು ತೆಗೆದುಹಾಕಿದೆ. ಉಪ್ಪುನೀರು ತಾಗಿ ಹಾಳಾಗಬಾರದೆಂದು ಮೀಟರನ್ನು ಮುಚ್ಚಳದ ಒಳಬದಿಗೆ ಅಂಟಿಸಿದೆ. ಬಾಟ್ಲಿಗಳನ್ನು ನೇರವಾಗಿ ಐಸಿನ ಕವರುಗಳ ಮೇಲೆ ಜೋಡಿಸಿದೆ.

ಕಾಪುವಿನಲ್ಲಿ ಮೀಟರು ಆರು ಡಿಗ್ರಿ ತೋರಿಸಿತು. ಆರು ಡಿಗ್ರಿ ಇದ್ದದ್ದು ಮುಚ್ಚಳದಲ್ಲಿ. ತಳದಲ್ಲಿ ಎಷ್ಟಿತ್ತೆಂದು ನಾನು ನೋಡಲಿಲ್ಲ.

"ಈಗ ಸರಿ ಉಂಟು ನೋಡಿ" ಎಂದು ಆ ಹೆಂಗಸು ಮೆಚ್ಚಿದರು. ಬಾಟ್ಲಿಗಳನ್ನು ಫ್ರಿಜ್ಜಿಗೆ ಇಡುತ್ತಾ ಒಂದನ್ನು ತಿರುಗಿಸಿ ನೋಡಿ, "ಇದು ಎಂತ, ಲೇಬಲಿನ ಮೇಲೆ ಬೆಳ್ಳಗೆ?" ಎಂದು ಕೇಳಿದರು.

ಅದು ಹಿಮ ಹಿಡಿದದ್ದು ಎಂದು ನನಗೆ ಗೊತ್ತಿತ್ತು. ಐಸಿನವನಿಗೆ ಅದು ಗೊತ್ತಾಗದೆ ಇರುತ್ತದೆಯೇ? ಹೆಗಲಿನ ಬೈರಾಸಿನಿಂದ ಬಾಟ್ಲಿಯನ್ನು ಉಜ್ಜಿ, "ಬೆವರು ಮೇಡಂ, ತಂಪಿಗೆ" ಎಂದೆ. ಗಿರಾಕಿಗಳು ಕಾಯುತ್ತಿದ್ದರು. ಅವರು ಫ್ರಿಜ್ಜಿನ ಬಾಗಿಲು ಮುಚ್ಚಿದರು. ಆ ಬೇಸಿಗೆ ಮುಗಿಯುವವರೆಗೂ ನಾನು ಹಾಗೆಯೇ ಮಾಡಿದೆ, ಎರಡೂ ದಾರಿಗಳಲ್ಲಿ.

ನನ್ನ ಅಕ್ಕ ಇನ್ನಂಜೆಯಲ್ಲಿ ಮಗಳೊಡನೆ ಇದ್ದಾಳೆ. ನನ್ನ ಹೆಂಡತಿ ತೀರಿಹೋದ ಮೇಲೆ ನಾನೂ ಅಲ್ಲೇ ಇದ್ದೇನೆ. ಅಮ್ಮ ಬೇಗ ಹೋದದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಅವಳಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ, ರಾತ್ರಿ ಎರಡು ಹೊತ್ತು ಇನ್ಸುಲಿನ್ ಬೇಕು. ಹಾಲಿನ ಬಣ್ಣದ ಮದ್ದು ಅದು. ಹಾಕುವ ಮೊದಲು ಬಾಟ್ಲಿಯನ್ನು ಅಂಗೈಗಳ ನಡುವೆ ಮೆಲ್ಲ ಉರುಳಿಸಬೇಕು. ಅವಳ ಚೀಟಿ ತೋರಿಸಿ ಕಾಪುವಿನ ಅದೇ ಅಂಗಡಿಯಿಂದ ನಾನೇ ಮದ್ದು ಕೊಂಡುಹೋಗುತ್ತಿದ್ದೆ. ಉಪ್ಪು ಐಸ್ ಹಾಕತೊಡಗಿದ ಮೇಲೆ ಒಂದು ಸಲ ಫ್ರಿಜ್ಜಿನಲ್ಲಿ ಇದ್ದದ್ದು ಬೇಡ, ನನ್ನ ಪೆಟ್ಟಿಗೆಯದ್ದೇ ಕೊಡಿ ಎಂದು ಕೇಳಿದೆ. ಅಕ್ಕನಿಗೆ ಒಳ್ಳೆಯದು ಹೋಗಲಿ ಎಂದು ತಳದ ಸಾಲಿನಿಂದ, ಐಸಿಗೆ ಒತ್ತಿ ಕುಳಿತಿದ್ದ ಬಾಟ್ಲಿಯನ್ನೇ ಆರಿಸಿದೆ.

ಅಕ್ಕನಿಗೆ ಬಾಯಾರಿಕೆ ಶುರುವಾಯಿತು. ಚೊಂಬುಗಟ್ಟಲೆ ನೀರು ಕುಡಿದರೂ ಸಾಲದು. ಕಣ್ಣು ಮಂಜು, ಕಾಲು ಉರಿ. ರವಿಕೆ ಸಡಿಲವಾಯಿತು. ಮನೆಯ ಸಣ್ಣ ಮೆಷಿನ್ನಿನಲ್ಲಿ ನೋಡಿದರೆ ಸಕ್ಕರೆ ಏರುತ್ತಲೇ ಇತ್ತು. ಊರಿನ ಡಾಕ್ಟರು ಇನ್ಸುಲಿನ್ ಹೆಚ್ಚಿಸಿದರು. ಆಗಲೂ ಇಳಿಯಲಿಲ್ಲ, ಮತ್ತೆ ಹೆಚ್ಚಿಸಿದರು.

ಅದು ಹಲಸಿನ ಹಣ್ಣಿನ ಕಾಲ. ಆಸುಪಾಸಿನ ಮನೆಗಳಿಂದ ವಾಸನೆ ಬರುತ್ತಿತ್ತು. ಅಕ್ಕನ ಮಗಳಿಗೆ ಸಂಶಯ ಬಂತು.

"ಅಮ್ಮ, ನಿಜ ಹೇಳು. ಎಂತ ತಿಂದದ್ದು?"

"ಎಂತ ತಿನ್ಲಿ? ನೀನು ಬಡಿಸಿದ್ದೇ ತಿಂದದ್ದು."

"ಹಾಗಾದ್ರೆ ಸಕ್ಕರೆ ಗಾಳಿಯಿಂದ ಬಂತಾ? ಮಾಮ, ನೀವಾದ್ರೂ ಹೇಳಿ."

ನಾನೂ ಹೇಳಿದೆ. "ಅಕ್ಕಾ, ಈ ಪ್ರಾಯದಲ್ಲಿ ಬಾಯಿ ಕಟ್ಟದಿದ್ದರೆ ಹೇಗೆ? ನಾನು ಬಿಸಿಲಲ್ಲಿ ಮದ್ದು ತರುದು ಯಾರಿಗೆ?" ಎಂದೆ. ಅಷ್ಟಕ್ಕೇ ನಿಲ್ಲಿಸದೆ, ಊಟಕ್ಕೆ ಕುಳಿತಾಗ ಅವಳ ಬಟ್ಟಲನ್ನು ನೋಡತೊಡಗಿದೆ. ಅವಳು ಇನ್ನೊಂದು ಸೌಟು ಅನ್ನಕ್ಕೆ ಕೈ ಚಾಚಿದರೆ ನಾನು ಕೆಮ್ಮುತ್ತಿದ್ದೆ. ಅವಳ ಕೈ ಹಿಂದೆ ಸರಿಯುತ್ತಿತ್ತು. ಎದ್ದು ಬಟ್ಟಲು ತೊಳೆಯಲು ಹೋಗುತ್ತಿದ್ದಳು. ನನಗೆ ತುತ್ತು ಮಾಡಿ ಉಣಿಸಿದವಳ ತುತ್ತನ್ನು ನಾನು ಕಾದು ಕುಳಿತೆ.

ಒಂದು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಅವಳು ಕುಸಿದಳು. ಕಾರು ಮಾಡಿ ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಡ್ರಿಪ್ ಹಾಕಿದರು, ಆಸ್ಪತ್ರೆಯ ಇನ್ಸುಲಿನ್ ಕೊಟ್ಟ ಮೇಲೆ ಸಕ್ಕರೆ ಇಳಿಯತೊಡಗಿತು. ಮರುದಿನ ವಾರ್ಡಿನ ನರ್ಸಮ್ಮ, "ಮನೆಯಲ್ಲಿ ಹಾಕುವ ಬಾಟ್ಲಿ ತಂದಿದ್ದೀರಾ?" ಎಂದು ಕೇಳಿದರು. ಅಕ್ಕನ ಮಗಳು ಅದನ್ನು ತಂಪು ಚೀಲದಲ್ಲಿ ತಂದಿದ್ದಳು.

ನರ್ಸಮ್ಮ ಬಾಟ್ಲಿಯನ್ನು ಅಂಗೈಯಲ್ಲಿ ಉರುಳಿಸಿ ಟ್ಯೂಬ್ ಲೈಟಿಗೆ ಹಿಡಿದರು. ಮತ್ತೆ ಉರುಳಿಸಿದರು. ಒಳಗೆ ಹೋಗಿ ವಾರ್ಡಿನ ಫ್ರಿಜ್ಜಿನಿಂದ ಇನ್ನೊಂದನ್ನು ತಂದು ಪಕ್ಕದಲ್ಲಿ ಹಿಡಿದು, "ನೋಡಿ ಅಜ್ಜ" ಎಂದರು. ವಾರ್ಡಿನದ್ದು ಒಂದೇ ಸಮನೆ ಹಾಲಿನ ಹಾಗೆ ಇತ್ತು. ನಮ್ಮದರಲ್ಲಿ ಸಣ್ಣ ಸಣ್ಣ ಬಿಳಿ ಕಣಗಳು ತೇಲುತ್ತಿದ್ದವು. ಗಾಜಿನ ಒಳಮೈಗೆ ಬಿಳಿ ಪುಡಿ ಮೆತ್ತಿಕೊಂಡಿತ್ತು.

"ಇದು ಒಮ್ಮೆ ಐಸಾಗಿ ಕರಗಿದ್ದು. ಇದರಲ್ಲಿ ಎಷ್ಟು ಶಕ್ತಿ ಉಳಿದಿದೆ ಅಂತ ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲ. ಫ್ರೀಜರಿನಲ್ಲಿ ಇಟ್ಟಿದ್ರಾ?"

ಅಕ್ಕನ ಮಗಳು ತಾಯಿಯ ಮುಖ ನೋಡಿದಳು. ಅಕ್ಕ ಯೋಚಿಸಿದಳು. "ಇಲ್ಲಪ್ಪ, ಕೆಳಗೆ ಬಾಗಿಲಿನಲ್ಲಿ ಇಡುದು..." ಎಂದಳು. ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಅವಳ ದನಿ ಸಣ್ಣದಾಯಿತು. "ಯಾರಿಗೆ ಗೊತ್ತು, ನಾನೇ ಮೇಲೆ ಇಟ್ಟೆನೋ ಏನೋ. ಈಗ ಎಲ್ಲ ಮರೆತು ಹೋಗ್ತದೆ ನನಗೆ."

ನಾನು ಅವಳ ಮಂಚದ ಕಾಲ ಬುಡದಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಬೇಸಿಗೆಯುದ್ದಕ್ಕೂ ಮಾಡಿದ ತಪ್ಪು ಅಹಂಕಾರದ್ದು. ಆ ಹೊತ್ತಿನಲ್ಲಿ ಸುಮ್ಮನಿದ್ದದ್ದು ಅದಕ್ಕಿಂತ ಕೆಟ್ಟದ್ದು ಎಂದು ಈಗಲೂ ನನಗೆ ಅನ್ನಿಸುತ್ತದೆ.

ಹೊರಗೆ ಮೆಟ್ಟಿಲಿನ ಮೇಲೆ ಕುಳಿತು ಒಂದು ಉಪಾಯ ಹುಡುಕಿದೆ. ಅಂಗಡಿಗಳಿಗೆ ಹೋಗಿ, "ಕಂಪೆನಿಯವರು ಹೊಸ ಮಾಲು ಕೊಟ್ಟಿದ್ದಾರೆ" ಎಂದು ಹೇಳಿ ಹಳೆಯ ಬಾಟ್ಲಿಗಳನ್ನು ಬದಲಿಸಿಬಿಡುವುದು. ಮದ್ದು ಕೊಂಡವರಿಗೂ ಹಾಗೆಯೇ ಹೊಸತು ಮುಟ್ಟಿಸುವುದು. ಹೊಸ ಮದ್ದು ಬಂದ ಮೇಲೆ ಎಲ್ಲರೂ ತಾವಾಗಿ ಸರಿಯಾಗುತ್ತಾರೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅಕ್ಕನ ಮರೆವಿನ ಮಾತೂ ನಾಲ್ಕು ದಿನಕ್ಕೆ ಹಳತಾಗುತ್ತದೆ.

ಅಷ್ಟರಲ್ಲಿ ನರ್ಸಮ್ಮ ಅಕ್ಕನ ಮಗಳಿಗೆ ಹೇಳುತ್ತಿದ್ದದ್ದು ಬಾಗಿಲಿನಿಂದ ಕೇಳಿಸಿತು. "ಮನೆಗೆ ಹೋದ ಮೇಲೆ ಹೊಸ ಬಾಟ್ಲಿಯನ್ನು ಮೊನ್ನೆಯ ಅಳತೆಯಲ್ಲಿ ಹಾಕ್ಬೇಡಿ, ಗೊತ್ತಾಯ್ತಾ? ಕೆಟ್ಟ ಮದ್ದು ಕೆಲಸ ಮಾಡದೆ ಇದ್ದದ್ದಕ್ಕೆ ಡೋಸ್ ಹೆಚ್ಚಿಸಿದ್ದು. ಒಳ್ಳೆ ಮದ್ದನ್ನು ಅಷ್ಟೇ ಹಾಕಿದ್ರೆ ಸಕ್ಕರೆ ಒಮ್ಮೆಲೇ ಕೆಳಗೆ ಬೀಳ್ತದೆ. ನಿದ್ರೆಯಲ್ಲೇ ಪ್ರಜ್ಞೆ ಹೋಗ್ಬಹುದು. ಡಾಕ್ಟ್ರು ಬರೆದು ಕೊಟ್ಟಷ್ಟೇ."

ಮೆಟ್ಟಿಲಿನ ಕಬ್ಬಿಣದ ಸರಳನ್ನು ಹಿಡಿದುಕೊಂಡೆ. ನನ್ನ ದಾರಿಯಲ್ಲಿ ಇನ್ನೆಷ್ಟು ಜನರಿಗೆ ಡೋಸ್ ಏರಿಸಿರಬಹುದು? ಅವರ ಕೈಗೆ ನಾನು ಗುಟ್ಟಾಗಿ ಒಳ್ಳೆಯ ಮದ್ದು ಕೊಟ್ಟರೆ, ಅದೇ ಅವರನ್ನು ಕೊಲ್ಲಬಹುದು. ಬಾಟ್ಲಿಯ ಜೊತೆಗೆ ನಿಜವನ್ನೂ ಕೊಡದೆ ಬೇರೆ ದಾರಿ ಇರಲಿಲ್ಲ. ನಾನು ಒಳ್ಳೆಯವನಾಗಿ ನಿಜ ಹೇಳಿದೆ ಎಂದು ಯಾರೂ ತಿಳಿಯಬಾರದು. ತಪ್ಪಿಸಿಕೊಳ್ಳುವ ಬಾಗಿಲು ಮುಚ್ಚಿದ್ದರಿಂದ ಹೇಳಿದೆ.

ಧಣಿಗಳಿಗೆ ಫೋನ್ ಮಾಡಿದೆ. ಮಲ್ಪೆಯ ಐಸ್, ಉಪ್ಪು, ಮುಚ್ಚಳದ ಮೀಟರು, ಬೈರಾಸು, ಎಲ್ಲವನ್ನೂ ಹೇಳಿದೆ. ಅವರು ಕೇಳಿದರು:

"ಯಾವ ಯಾವ ಅಂಗಡಿ?"

"ಎಲ್ಲ."

"ಮೀನಿನ ಬುದ್ಧಿ ನಿಮ್ಮದು! ನನ್ನ ಹೆಸರಿಗೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. "ನಿಮ್ಮ ಕೆಲಸದ ವಿಷಯ ಆಮೇಲೆ. ಮೊದಲು ಬಾಟ್ಲಿಗಳು ಬರಲಿ. ಅಂಗಡಿಗಳಿಗೆ ನಾನು ಫೋನ್ ಮಾಡ್ತೇನೆ. ಕಾರು ಕಳಿಸ್ತೇನೆ, ನೀವೇ ಹೋಗಬೇಕು. ನೀವೇ ಹೇಳಬೇಕು."

ಮೊದಲು ಕಾಪು. ಫಾರ್ಮಸಿಸ್ಟ್ ಹೆಂಗಸು ಉಳಿದಿದ್ದ ಬಾಟ್ಲಿಗಳನ್ನು ಆಗಲೇ ಮೇಜಿನ ಮೇಲೆ ಇಟ್ಟಿದ್ದರು. ಹಾಲು ಬಣ್ಣದವುಗಳಲ್ಲಿ ಹಲವು ಹಾಳಾದದ್ದು ಕಣ್ಣಿಗೇ ಕಾಣುತ್ತಿತ್ತು. ನೀರಿನ ಹಾಗೆ ತಿಳಿಯಾಗಿರುವ ಇನ್ನೊಂದು ಬಗೆಯದ್ದು ಮಾತ್ರ ಹೊಸತರಂತೆಯೇ ಹೊಳೆಯುತ್ತಿತ್ತು.

"ಇವು ಹಾಳಾಗಲಿಲ್ಲ ಅಲ್ವಾ ಮೇಡಂ?" ಎಂದೆ.

"ಕಾಣುದಿಲ್ಲ ಅಂತ ಹಾಳಾಗಲಿಲ್ಲ ಅಂತ ಅಲ್ಲ." ಅವರು ಬೈಯುತ್ತಾರೆಂದು ಕಾದಿದ್ದೆ, ಅವರು ಸ್ಟೂಲ್ ಎಳೆದು ಕೂರಿಸಿದರು. "ಇನ್ಸುಲಿನ್ ಅಂದ್ರೆ ಒಂದು ಪೆಪ್ಟೈಡ್. ಮಣಿ ಪೋಣಿಸಿದ ಸರದ ಹಾಗೆ. ಆ ಸರ ಒಂದು ರೀತಿಯಲ್ಲಿ ಮಡಚಿಕೊಂಡು ಕೂತಿದ್ರೆ ಮಾತ್ರ ಅದು ಕೆಲಸ ಮಾಡುದು. ಬಿಸಿ ಆದ್ರೂ, ಐಸ್ ಆದ್ರೂ ಆ ಮಡಿಕೆ ಹಾಳಾಗ್ತದೆ, ಒಂದಕ್ಕೊಂದು ಅಂಟಿ ಮುದ್ದೆ ಆಗ್ತದೆ. ತೆಂಗಿನಹಾಲನ್ನು ಫ್ರೀಜರಿನಲ್ಲಿಟ್ಟು ತೆಗೆದ್ರೆ ಎಂತ ಆಗ್ತದೆ?"

"ಒಡೀತದೆ."

"ಮತ್ತೆ ಕಲಸಿದ್ರೆ ಮೊದಲಿನ ಹಾಗೆ ಆಗ್ತದಾ?"

"ಇಲ್ಲ."

"ಹಾಗೇ ಇದು. ಮೀನಿಗೆ ನೀವು ಐಸ್ ಹಾಕುದು ಅದು ಸತ್ತ ಮೇಲೆ ಅಲ್ವಾ? ಇದರಲ್ಲಿ ಜೀವ ಉಂಟು ಅಂತ ತಿಳ್ಕೊಳ್ಳಿ." ಮೇಜಿನ ಮೇಲಿನ ಒಂದು ಬಾಟ್ಲಿಯನ್ನು ಉರುಳಿಸಿ ನೋಡಿ ಮತ್ತೆ ಹೇಳಿದರು: "ಆ ದಿನ ಬಾಟ್ಲಿಯನ್ನು ನಾನು ಉರುಳಿಸಿ ನೋಡ್ಬೇಕಿತ್ತು. ಕೇಳಿದೆ, ನೋಡಲಿಲ್ಲ."

ತಪ್ಪು ನನ್ನದೊಬ್ಬನದೇ ಎಂದರೂ ಅವರು ಒಪ್ಪಲಿಲ್ಲ. ಬಿಲ್ ನೋಡಿ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದರು. ಹೊಸ ಬಾಟ್ಲಿ ಒಯ್ಯುವ ಮೊದಲು ಡಾಕ್ಟರಿಗೆ ತೋರಿಸಿ ಎಂದು ಪ್ರತಿಯೊಬ್ಬರಿಗೂ ಹೇಳಿದರು. ಬಂದವರ ಎದುರು ನಿಂತು ನಾನು ಏನಾಯಿತೆಂದು ಹೇಳಿದೆ. ಮೀನು ಮಾರುವ ಒಬ್ಬಳು ಅಮ್ಮ ನನ್ನ ಮಾತೆಲ್ಲ ಕೇಳಿ, "ಬೈಲಿಕ್ಕೆ ಶಕ್ತಿ ಇಲ್ಲ ಈಗ. ಸಕ್ಕರೆ ಇಳಿದ ಮೇಲೆ ಬಂದು ಬೈತೇನೆ" ಎಂದು ಹೇಳಿ ಹೋದಳು. ಆಮೇಲೆ ಬಂದು ಬೈದಳು ಕೂಡ.

ಪೆರ್ಡೂರಿನ ಅಂಗಡಿಯವರು ತಿಳಿ ಮದ್ದನ್ನು ವಾಪಸು ಕೊಡಲು ಒಪ್ಪಲಿಲ್ಲ. "ಎಂತ ಆಗಿದೆ ಇದಕ್ಕೆ? ಕನ್ನಡಿಯ ಹಾಗೆ ಉಂಟು" ಎಂದು ವಾದಿಸಿದರು. ಕಾಪುವಿನಲ್ಲಿ ಕಲಿತ ಪಾಠವನ್ನೇ ಒಪ್ಪಿಸಿದೆ. ಧಣಿಗಳು ಫೋನಿನಲ್ಲಿ ಎರಡು ಮಾತು ಹೇಳಿದ ಮೇಲೆಯೇ ಕೊಟ್ಟರು.

ಕಾರ್ಕಳದಲ್ಲಿ ಒಂದು ಬಾಟ್ಲಿ ಸಿಗಲಿಲ್ಲ. ಕೊಂಡವರ ಫೋನ್ ನಂಬರ್ ಅಂಗಡಿಯಲ್ಲಿರಲಿಲ್ಲ. ಬೀಡಿ ಕಟ್ಟುವ ಹೆಂಗಸು, ಗುಡ್ಡದ ಆಚೆಗಿನವಳು ಎಂದಷ್ಟೇ ಅಂಗಡಿಯವರಿಗೆ ಗೊತ್ತಿತ್ತು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ವಿಚಾರಿಸಿ, ದಾರಿ ಕೇಳಿಕೊಂಡು, ಕಾರು ಹೋಗದ ಕಡೆ ಮಂಡಿ ಹಿಡಿದುಕೊಂಡು ಹತ್ತಿದೆ. ನನಗಿಂತ ಸ್ವಲ್ಪ ಚಿಕ್ಕವಳು. ಜಗಲಿಯಲ್ಲಿ ಮಡಿಲ ಮೇಲೆ ಮೊರ ಇಟ್ಟುಕೊಂಡು ಎಲೆ ಕತ್ತರಿಸುತ್ತಿದ್ದಳು.

"ಇನ್ಸುಲಿನ್ ಬಾಟ್ಲಿ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದೆ.

ಅವಳು ಗಾಬರಿಯಾದಳು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಒಳಗಿನ ಕತ್ತಲೆ ಮೂಲೆಗೆ ಕರೆದುಕೊಂಡು ಹೋಗಿ ತೋರಿಸಿದಳು. ದೊಡ್ಡ ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು. ಅದರೊಳಗೆ ಸಣ್ಣ ಮಡಕೆ. ಅದರ ಬಾಯಿಗೆ ಒದ್ದೆ ಬಟ್ಟೆ. ಬಟ್ಟೆ ಸರಿಸಿದರೆ ಸ್ಟೀಲ್ ಡಬ್ಬಿ, ಅದರೊಳಗೆ ಹತ್ತಿ ಸುತ್ತಿದ ಬಾಟ್ಲಿ. ಮುಟ್ಟಿದರೆ ಬಾವಿಯ ನೀರಿನಷ್ಟು ತಂಪು. ಬೀಡಿ ಕಟ್ಟುವುದರ ನಡುವೆ ಎದ್ದು ಎದ್ದು ಮರಳಿಗೆ ನೀರು ಚಿಮುಕಿಸುತ್ತಿದ್ದಳಂತೆ. ಅಷ್ಟು ಜೋಪಾನವಾಗಿ ಅವಳು ಕಾಯುತ್ತಿದ್ದದ್ದು ನಾನು ಮೊದಲೇ ಕೊಂದು ತಂದಿದ್ದ ಮದ್ದನ್ನು.

ಹೇಳಿದೆ. ಅವಳು ಅರ್ಧಕ್ಕೇ ತಡೆದು ಕೇಳಿದಳು:

"ಹಾಗಾದ್ರೆ ನನ್ನ ಮಡಕೆಯದ್ದು ತಪ್ಪಲ್ಲ?"

"ಅಲ್ಲ."

"ಮಗ ದಿನಾ ಹೇಳ್ತಾನೆ, ನಿನ್ನ ಮಡಕೆಯಿಂದಲೇ ಮದ್ದು ಹಾಳಾಗುದು ಅಂತ. ಅವನು ಬರ್ಲಿ ಇವತ್ತು!" ಅವಳ ಮುಖ ಬೆಳಗಿತು. ನನ್ನನ್ನು ಬೈಯುವುದನ್ನು ಮರೆತು, ಕುಡಿಯಲು ನೀರು, ಬೆಲ್ಲ ತಂದಿಟ್ಟಳು. "ನೀವು ಬೆಲ್ಲ ತಿನ್ನಿ. ನಾನು ನೋಡುದು ಮಾತ್ರ" ಎಂದು ನಕ್ಕಳು. ಅವಳನ್ನು ಕಾರಿನಲ್ಲೇ ಕಾರ್ಕಳದ ಡಾಕ್ಟರಲ್ಲಿಗೆ ಕರೆದುಕೊಂಡು ಬಂದು, ಡೋಸ್ ಬರೆಸಿ, ಹೊಸ ಬಾಟ್ಲಿ ಕೊಡಿಸಿ ವಾಪಸು ಬಿಟ್ಟೆ.

ಹಿಂದಿರುಗುವ ದಾರಿಯಲ್ಲಿ ಅವಳ ಪ್ರಶ್ನೆಯೇ ತಲೆಯಲ್ಲಿತ್ತು. ಮದ್ದು ಕೆಟ್ಟಾಗ ಯಾರೂ ಮದ್ದನ್ನು ಸಂಶಯಿಸಿರಲಿಲ್ಲ. ಒಬ್ಬಳು ತನ್ನ ಮಡಕೆಯನ್ನು ಸಂಶಯಿಸಿದಳು, ಒಬ್ಬಳು ತನ್ನ ನೆನಪನ್ನು.

ಅಕ್ಕ ಮನೆಗೆ ಬಂದಿದ್ದಳು. ಮಗಳು ಅಡುಗೆಮನೆಯಲ್ಲಿದ್ದಳು. ಅಕ್ಕ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಳು. ನಾನು ಅವಳ ಕಾಲ ಬಳಿ ನೆಲದ ಮೇಲೆ ಕುಳಿತೆ. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಕ್ಕಾ, ಬಾಟ್ಲಿ ಫ್ರೀಜರಿನಲ್ಲಿ ಇಟ್ಟದ್ದು ನೀನಲ್ಲ. ನಾನು ಉಪ್ಪು ಐಸಿನ ಮೇಲೆ ಇಟ್ಟು ತಂದದ್ದು. ಆಸ್ಪತ್ರೆಯಲ್ಲಿ ನೀನು ನಿನ್ನ ಮೇಲೆ ಹಾಕಿಕೊಂಡಾಗಲೂ ನಾನು ಸುಮ್ಮನಿದ್ದೆ."

ಅವಳು ಬೀಜ ಸುಲಿಯುವುದನ್ನು ನಿಲ್ಲಿಸಿದಳು. ಎಲ್ಲವನ್ನೂ ಹೇಳಿದೆ, ತಳದ ಸಾಲಿನಿಂದ ಆರಿಸಿದ್ದನ್ನೂ ಹೇಳಿದೆ. ಅವಳು ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ನಾನು ಗಟ್ಟಿ ತಿಂದಿದ್ದೆ ಮಾರಾಯ."

"ಎಂತ?"

"ಹಲಸಿನ ಹಣ್ಣಿನ ಗಟ್ಟಿ. ಆಚೆಮನೆಯಲ್ಲಿ. ಅಕ್ಕಿ, ಬೆಲ್ಲ ಹಾಕಿ ತೇಗದ ಎಲೆಯಲ್ಲಿ ಬೇಯಿಸಿದ್ದು, ಬಿಸಿ ಬಿಸಿ. ಬೇಡ ಅನ್ಲಿಕ್ಕೆ ಆಗಲಿಲ್ಲ. ಒಂದೇ ಒಂದು ತಿಂದದ್ದು. ಅದರ ಮರುವಾರವೇ ಸಕ್ಕರೆ ಏರಿತಲ್ಲ! ಆ ಒಂದು ಗಟ್ಟಿಯೇ ನನ್ನನ್ನು ಇಷ್ಟು ಮಾಡಿತು ಅಂತ ತಿಳಿದಿದ್ದೆ. ಅದಕ್ಕೇ ನೀವು ಬೈದದ್ದು ಸರಿ ಅಂತ ಸುಮ್ಮನಿದ್ದೆ."

ಅವಳು ಇಡೀ ಬೇಸಿಗೆ ಒಂದು ಗಟ್ಟಿಯ ಪಾಪ ಹೊತ್ತಿದ್ದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಳುವೇ ಬಂತು. ಅವಳು ಸೆರಗಿನಿಂದ ನನ್ನ ಮುಖ ಒರಸಿ, "ಸಾಕು. ಮಗಳಿಗೆ ಐಸಿನ ಕಥೆ ಹೇಳು. ಗಟ್ಟಿಯದ್ದು ಹೇಳ್ಬೇಡ" ಎಂದಳು.

ಧಣಿಗಳು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಬಹಳ ಕಾಲ ಪೆಟ್ಟಿಗೆ ಮುಟ್ಟಲು ಬಿಡಲಿಲ್ಲ. ಗೋಡೌನಿನಲ್ಲಿ ರಟ್ಟು ಮಡಚುವ ಕೆಲಸ ಕೊಟ್ಟರು. ಈಗ ಮತ್ತೆ ಪೆಟ್ಟಿಗೆ ಕಟ್ಟುತ್ತೇನೆ. ಫ್ರೀಜರಿನಿಂದ ತೆಗೆದ ಜೆಲ್ ಪ್ಯಾಕನ್ನು ಕೂಡಲೇ ಒಳಗಿಡುವುದಿಲ್ಲ. ಮೈಯೆಲ್ಲ ಬೆವರಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಸ್ವಲ್ಪ ನೀರು ಕುಲುಕಿದ ಸದ್ದು ಕೇಳುವವರೆಗೂ ಮೇಜಿನ ಮೇಲೆ ಬಿಡುತ್ತೇನೆ. ಆಮೇಲೆ ರಟ್ಟು. ಮೀಟರಿನ ತುದಿ ಬಾಟ್ಲಿಗಳ ನಡುವೆ. ಬಿಸಿಯಾದರೆ ಪೆಟ್ಟಿಗೆಯನ್ನು ವಾಪಸು ತರುತ್ತೇನೆ. ಯಾರಾದರೂ ನಕ್ಕರೆ ನಗಲಿ.

ನಾನು ತಪ್ಪೊಪ್ಪಿಕೊಂಡ ಆ ಸಂಜೆ ಅಕ್ಕ ಹೊಸ ಬಾಟ್ಲಿಯನ್ನು ನನ್ನ ಕೈಗೆ ಕೊಟ್ಟು, "ಉರುಳಿಸು, ಮೆಲ್ಲ" ಎಂದಳು. ಅಂಗೈಗಳ ನಡುವೆ ಉರುಳಿಸಿದೆ. ಬೆಳಕಿಗೆ ಹಿಡಿದೆ. ಒಂದೇ ಸಮನೆ ಹಾಲಿನ ಬಣ್ಣ, ಒಂದು ಕಣವೂ ಇರಲಿಲ್ಲ. ಡಾಕ್ಟರು ಬರೆದಷ್ಟನ್ನೇ ಸಿರಿಂಜಿಗೆ ಎಳೆದು ಅವಳೇ ಹಾಕಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಮಗಳು ಊಟಕ್ಕೆ ಕರೆದಳು. ಕುಚ್ಚಲಕ್ಕಿ ಅನ್ನ, ಹಲಸಿನ ಬೀಜದ ಪಲ್ಯ, ಬಂಗುಡೆ ಸಾರು. ಮೂವರೂ ಕುಳಿತೆವು. ಅಕ್ಕ ಇನ್ನೊಂದು ಸೌಟು ಅನ್ನ ಹಾಕಿಕೊಳ್ಳುವ ಸದ್ದು ಕೇಳಿಸಿತು. ನಾನು ತಲೆ ಎತ್ತಲಿಲ್ಲ. ನನ್ನ ಮೀನಿನ ಮುಳ್ಳು ಬಿಡಿಸುತ್ತಾ ಕುಳಿತೆ.